ಕ್ಷೇಮ ಇಲ್ಲ ಎಂದು ಬರೆ

ಜುಲೈ 3, 2024

ಮೂರನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ. ಶಿಕಾರಿಪುರದ ಈ ಕಾಲೇಜಿನಲ್ಲಿ ಫ್ಯಾನೂ ನಮ್ಮಂಥ ಅತಿಥಿ ಉಪನ್ಯಾಸಕರ ಹಾಗೆ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಗೈಡ್ ಮಹಾಬಲ ಸರ್ ನನ್ನ ಥೀಸಿಸ್ಸಿನ ಕೊನೆಯ ಚಾಪ್ಟರ್ ವಾಪಸ್ ಕಳಿಸಿದ್ದಾರೆ. ಉಳಿದದ್ದಕ್ಕೆಲ್ಲ ಶಹಬ್ಬಾಸ್. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ಹೆಂಗಸರು ಬರೆದ ಮನೆಕಾಗದಗಳು, ಅವುಗಳಲ್ಲಿ ಭಾಷೆ ಬದಲಾದ ಬಗೆ — ಅದು ಸಂಶೋಧನೆ. ನಮ್ಮ ಬಂಗಾರಮ್ಮಜ್ಜಿ ತೊಗರ್ಸಿಯಿಂದ ಜಡೆಯಲ್ಲಿರುವ ತಂಗಿ ಲೋಕಮ್ಮನಿಗೆ ಬರೆಸಿದ ಕಾಗದಗಳು — ಅದು "ಮನೆ ವಿಷಯ".

ಇಂಗ್ಲೆಂಡಿನಲ್ಲಿಯೂ ಎಷ್ಟೋ ಹೆಂಗಸರು ಹೇಳಿ ಬರೆಸಿದವರೇ. ಬರೆಯುವವನು ಮೊದಲು "ದೇವರ ದಯೆಯಿಂದ ಎಲ್ಲರೂ ಆರೋಗ್ಯ" ಎಂದು ಗೀಚಿಬಿಡುತ್ತಿದ್ದ. ನಮ್ಮಲ್ಲಿ "ಇತ್ತ ಎಲ್ಲರೂ ಕ್ಷೇಮ". ಆ ಸಾಲು ಯಾವಾಗ, ಯಾರ ಬಾಯಲ್ಲಿ ಮುರಿಯಿತು ಎನ್ನುವುದೇ ನನ್ನ ಪ್ರಶ್ನೆ. ಅಜ್ಜಿ ಮುರಿದಿದ್ದಾಳೆ. ಕಾಗದ ಬರೆದುಕೊಡುತ್ತಿದ್ದ ಶಾಲೆ ಮೇಷ್ಟ್ರ ಕೈಯಲ್ಲೇ ಕ್ಷೇಮವನ್ನು ಹೊಡೆಸಿ ಹಾಕಿ, ಕೆಳಗೆ ಬರೆಸಿದ್ದಾಳೆ — "ಕ್ಷೇಮ ಇಲ್ಲ. ನಿನ್ನ ಭಾವ ಮತ್ತೆ ಕೈ ಮಾಡಿದ. ನೀ ಬಾ." ಒಂದರಲ್ಲಲ್ಲ, ಕಾಗದದ ಮೇಲೆ ಕಾಗದದಲ್ಲಿ. ಜಡೆಯ ಮನೆಯ ಅಟ್ಟ ಗುಡಿಸುವಾಗ ಸಿಕ್ಕಿದ ಈ ಕಟ್ಟನ್ನು ಅಲ್ಲಿಯ ಹುಡುಗರು ಬಿಚ್ಚದೆಯೇ ನನಗೆ ತಂದುಕೊಟ್ಟಿದ್ದರು.

ಸರ್ ಷರಾ: ಈ ಸಾಲುಗಳನ್ನು ಸೌಮ್ಯಗೊಳಿಸಿ, ಹೆಸರು ತೆಗೆಯಿರಿ. ಇಲ್ಲದಿದ್ದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಆಗಸ್ಟ್ ಕೊನೆಗೆ ಅವಧಿ ಮುಗಿದು ನನ್ನ ಪಿಎಚ್‌ಡಿ ನೋಂದಣಿ ರದ್ದು.

ಸೌಮ್ಯವಂತೆ! ಪೆಟ್ಟು ಸೌಮ್ಯವಾಗಿತ್ತೇ?

ಜುಲೈ 4, ಸಂಜೆ

ಅಪ್ಪನೂ ಸರ್ ಪಕ್ಷ.

"ನಮ್ಮಪ್ಪ ಸತ್ತು ಮಣ್ಣಾಗ್ಯಾನ. ಎದ್ದು ಬಂದು ಜವಾಬು ಕೊಡ್ತಾನೇನು?"

"ಸುಳ್ಳಾ ಅಪ್ಪ?"

"ಸುಳ್ಳಲ್ಲ. ಊರಿಗೇ ಗೊತ್ತೈತಿ. ಗೊತ್ತಿರೋದು ಬ್ಯಾರೆ, ಪುಸ್ತಕದಾಗ ಬರೋದು ಬ್ಯಾರೆ."

ಹೊಡೆತ ಕಂಡು ಬೆಳೆದವನು ಅವನು. ಪಾಪ ಅನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಜ್ಜಿ ಅಡಿಕೆ ಕತ್ತರಿಸುತ್ತ ಕೂತಿದ್ದಳು. "ನನ್ನ ಹೆಸ್ರು ತೆಗೀಬ್ಯಾಡ. ನಾ ಅಂದಿದ್ದು ನನ್ನ ಹೆಸ್ರಿನಾಗೇ ಇರ್ಲಿ." ಇನ್ನೊಂದು ಅಡಿಕೆ ಕೈಗೆತ್ತಿಕೊಂಡು, "ಬರೆಸಿ ಏನ್ ಬಂತು ಬಿಡು. ಆಕಿ ಬರ್ಲೇ ಇಲ್ಲ."

ಆಕೆ ಅಂದರೆ ಲೋಕಮ್ಮಜ್ಜಿ. ಮದುವೆ ಮನೆಗಳಲ್ಲಿ ಅಕ್ಕತಂಗಿ ಎದುರಾದರೂ "ಊಟ ಆತಾ" — ಅಷ್ಟೇ. ಯಾಕೆಂದು ಇವತ್ತು ಗೊತ್ತಾಯಿತು.

ಜುಲೈ 14, ಸೊರಬ ಬಸ್ ಸ್ಟ್ಯಾಂಡ್

ಜಡೆಯಿಂದ ವಾಪಸ್. ಶಿಕಾರಿಪುರದ ಬಸ್ ಇನ್ನೂ ಬಂದಿಲ್ಲ. ಇಲ್ಲೇ ಕೂತು ಬರೆಯುತ್ತೇನೆ.

ಜಗಳ ತೆಗೆಯಲೆಂದೇ ಹೋಗಿದ್ದೆ. ಕೂರುವ ಮೊದಲೇ ಕೇಳಿದೆ — ಅಕ್ಕ ಅಷ್ಟು ಸಲ ಕರೆದರೂ ಯಾಕೆ ಬರಲಿಲ್ಲ?

ಲೋಕಮ್ಮಜ್ಜಿ ಕಣ್ಣು ಕಣ್ಣು ಬಿಟ್ಟಳು. "ಎಲ್ಲಿ ಕರೆದ್ಲು ಮಾರಾಯ್ತಿ? ಎಲ್ಲಾ ಕಾಗ್ದದಲ್ಲೂ ಕ್ಷೇಮ ಅಂತ್ಲೇ ಇರ್ತಿತ್ತಲ."

ಕಾಗದ ತೆಗೆದು ಓದಿದೆ. ಇನ್ನೊಮ್ಮೆ ಓದು ಅಂದಳು. ಓದಿದೆ.

ಅವಳಿಗೂ ಓದಲು ಬಾರದು. ಓದುತ್ತಿದ್ದವರು ಅವಳ ಮಾವ, ಜಗಲಿಯ ಮೇಲೆ ಕೂತು, ಇಡೀ ಮನೆಗೆ ಕೇಳುವಂತೆ. "ಕಾಗ್ದದ ಮೂಲೆ ಹರಿದಿದ್ರೆ ಸಾವು. ಹರೀಲಿಲ್ಲ ಅಂದ್ರೆ ಕ್ಷೇಮ. ಹೊಸ್ಲು ದಾಟಿ ಬಂದ ಕಾಗ್ದದಲ್ಲಿ ಕೆಟ್ಟ ಮಾತು ಓದಬಾರ್ದು ಅನ್ನೋರು." ಅಂದರೆ ಅಜ್ಜಿ ಹೊಡೆಸಿ ಹಾಕಿದ ಸಾಲನ್ನು ಆತ ಮತ್ತೆ ಬಾಯಲ್ಲಿ ಸೇರಿಸುತ್ತಿದ್ದ. ಉಳಿದದ್ದನ್ನು ನುಂಗುತ್ತಿದ್ದ.

"ನಮ್ಮಕ್ಕ ಒಂದಿನಾನೂ ಕರೀಲಿಲ್ಲ, ಕಲ್ಲಾಗ್ಯಾಳೆ ಅಂದ್ಕಂಡಿದ್ನಲೇ…" ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.

ಆ ಮಾವ ಕೆಟ್ಟವನಲ್ಲವಂತೆ. ಮರ್ಯಾದಸ್ಥನಂತೆ. ಮಹಾಬಲ ಸರ್ ಕೂಡ ಮರ್ಯಾದಸ್ಥರೇ. ಈ ಸಾಲುಗಳನ್ನು ಸೌಮ್ಯ ಮಾಡಿದರೆ ಅದೇ ಜಗಲಿಯ ಮೇಲೆ ನಾನು ಕೂತ ಹಾಗೆ. ಕೂರುವುದಿಲ್ಲ. ಡಿಗ್ರಿ ಹಾಳಾಗಿ ಹೋಗಲಿ.

ಜುಲೈ 15

ಅಜ್ಜಿಗೆ ಹೇಳಿದೆ. ಅಡಕತ್ತರಿ ಕೆಳಗಿಟ್ಟಳು.

"ಹಂಗಾರ ನಾ ಕೂಗಿದ್ದು ಯಾರಿಗೂ ಮುಟ್ಲೇ ಇಲ್ಲ?"

ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಹಾಗೇ ಗದ್ದೆ ಕಡೆ ಹೊರಟುಹೋದ.

"ದೊಡ್ಡಕ್ಷರದಾಗ ಹಾಕು ನನ್ನ ಹೆಸ್ರು," ಅಂದಳು ಅಜ್ಜಿ.

ಜುಲೈ 26

ಸರ್ ಫೋನ್. "ಸ್ಪಂದನ, ನಿಮಗೆ ಡಿಗ್ರಿ ಬೇಕೋ, ಜಗಳ ಬೇಕೋ?"

"ಎರಡೂ ಸರ್."

ಕಟ್ ಮಾಡಿದರು. ಧೈರ್ಯದ ಮಾತೇನೋ ಆಡಿದೆ. ಆಮೇಲೆ ಮಧ್ಯಾಹ್ನವಿಡೀ ಯೂನಿವರ್ಸಿಟಿಯ ನಿಯಮಾವಳಿ ತಿರುವಿ ಹಾಕಿದೆ. ಗೈಡ್ ಬದಲಾವಣೆಗೆ ಟೈಮ್ ಇಲ್ಲ. ಅಮ್ಮ, "ಸ್ವಲ್ಪ ಬಗ್ಗಿದ್ರೆ ಏನ್ ಸೊಂಟ ಮುರೀತೈತಾ?" ಅಂತ ಕೇಳಿದಳು. ಉತ್ತರ ಕೊಟ್ಟರೆ ಅವಳೊಡನೆಯೂ ಜಗಳ.

ಆಗಸ್ಟ್ 11, ಮಧ್ಯಾಹ್ನ

ಬೆಳಿಗ್ಗೆ ಅಪ್ಪ ಹೇಳದೆ ಕೇಳದೆ ಎಲ್ಲೋ ಹೋಗಿದ್ದ. ಈಗ ಅಂಗಳದಲ್ಲಿ ಬಾಡಿಗೆ ಕಾರು. ಇಳಿದದ್ದು ಲೋಕಮ್ಮಜ್ಜಿ, ಕೈಯಲ್ಲಿ ಬಟ್ಟೆಚೀಲ. ಉಳಿಯಲೆಂದೇ ಬಂದಿದ್ದಾಳೆ.

"ಅವ್ವ ಕರ್ದಿದ್ಲಲ್ಲ," ಅಂದ ಅಪ್ಪ, ನನ್ನ ಮುಖ ನೋಡದೆ. "ಪುಸ್ತಕದ ಮಾತು ಮಾತ್ರ ನನ್ನತ್ರ ಎತ್ತಬ್ಯಾಡ." ಎತ್ತಲಿಲ್ಲ.

ಅಜ್ಜಿ ಎದ್ದು ನಿಂತಳು. "ಈಗ ಬಂದ್ಯಾ?"

"ಈಗ ಕೇಳ್ತು ಅಕ್ಕ."

ಅಷ್ಟೇ. ನನಗೆ ನಿಲ್ಲಲಾಗಲಿಲ್ಲ. ರೂಮಿಗೆ ಬಂದು ಚಾಪ್ಟರ್ ತೆಗೆದೆ. ಒಂದು ಸಾಲೂ ಬದಲಿಸಲಿಲ್ಲ. ಹೇಳಿದವರು: ಬಂಗಾರಮ್ಮ, ತೊಗರ್ಸಿ. ಓದುವವರ ಬಾಯಲ್ಲಿ ಕಾಗದ ಏನಾಗುತ್ತದೆ ಎಂದು ಎರಡು ಪುಟ ಹೊಸದಾಗಿ ಸೇರಿಸಿದ್ದೆ, ಅದೂ ಇರಲಿ. ಸರ್‌ಗೆ ಮೇಲ್ ಮಾಡಿದೆ. ವಿಭಾಗದ ಮುಖ್ಯಸ್ಥರಿಗೂ ಕಾಪಿ ಹಾಕಿದೆ. ಆಗುವುದಾಗಲಿ.

ಹಜಾರದಲ್ಲಿ ಮುದುಕಿಯರ ಜಗಳ ಶುರುವಾಗಿದೆ. ಕಾಗದ ಬೇರೆ ಯಾರ ಕೈಲಾದರೂ ಯಾಕೆ ಓದಿಸಲಿಲ್ಲ ಅಂತ ಅಜ್ಜಿ, ನೀನೇ ಯಾಕೆ ಬಸ್ ಹತ್ತಿ ಬರಲಿಲ್ಲ ಅಂತ ಲೋಕಮ್ಮಜ್ಜಿ. ಇಬ್ಬರೂ ಅಳುತ್ತಿದ್ದಾರೆ, ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ಬೀದಿಗೆಲ್ಲ ಕೇಳುತ್ತಿರಬೇಕು.

ಫೋನ್ ಬಡಿದುಕೊಳ್ಳುತ್ತಿದೆ. ಮಹಾಬಲ ಸರ್. ಎತ್ತುತ್ತೇನೆ, ಈ ಕೂಗನ್ನು ಅವರೂ ಕೇಳಲಿ… ಫೋನ್ ಹಿಡಿದು ಹಜಾರಕ್ಕೇ ಹೋಗಿ, ಸ್ಪೀಕರ್ ಹಾಕಿ —