ಶುಕ್ರವಾರದ ಮೈದುನರು

೩೧ ಜುಲೈ ೧೯೯೦, ಮಂಗಳವಾರ

ಎರಡು ವರ್ಷದ ಅವಳಿಗಳನ್ನು ಜೈಂಟ್ ವೀಲ್ ಪಾರ್ಕಿಗೆ ಕರೆದುಕೊಂಡು ಹೋಗೋಣವೆಂದು ಬೇಸಿಗೆಯಿಡೀ ಗೋಗರೆದೆ. ಇವತ್ತು ಇವರು ಒಪ್ಪಿದರು. ಯಾಕೆಂದು ಊಟಕ್ಕೆ ಕೂತಾಗ ತಿಳಿಯಿತು. ಶುಕ್ರವಾರ ಅಲ್ಲಿ ಫ್ಯಾಮಿಲಿಗಳಿಗೆ ಮಾತ್ರ ಪ್ರವೇಶ. ಇಲ್ಲೇ ಕುವೈತಿನ ಮಂಗಫ್‌ನಲ್ಲಿರುವ ಇವರ ನಾಲ್ವರು ಬ್ಯಾಚುಲರ್ ಗೆಳೆಯರಿಗೆ ನಮ್ಮ ಜೊತೆ ಒಳಗೆ ನುಗ್ಗಬೇಕಂತೆ.

“ಗೇಟಲ್ಲಿ ಒಬ್ಬ ಶ್ರವಣನನ್ನು ಎತ್ತಿಕೊಳ್ತಾನೆ, ಒಬ್ಬ ದೀಕ್ಷಿತಾಳನ್ನು. ಕೇಳಿದ್ರೆ ಎಲ್ಲ ನಿನ್ನ ಮೈದುನರು ಅಂತ ಹೇಳು, ಅಷ್ಟೇ ಮಾರಾಯ್ತಿ!”

ನಾನು ಹೆತ್ತದ್ದು ಮಕ್ಕಳನ್ನೋ, ಗೇಟ್‌ಪಾಸನ್ನೋ? ಒಳಗೆ ಹೋದ ಮೇಲೆ ಐವರೂ ವೀಲ್ ಹತ್ತುತ್ತಾರೆ. ಎರಡು ಮಕ್ಕಳು, ಹಾಲಿನ ಬಾಟಲಿ, ಒದ್ದೆ ಚಡ್ಡಿ ನನ್ನ ಪಾಲಿಗೆ.

“ಆಯ್ತು” ಎಂದೆ. ಶುಕ್ರವಾರ ಮಕ್ಕಳಿಬ್ಬರನ್ನೂ ನಾನೇ ಎತ್ತಿಕೊಂಡು ಮುಂದೆ ನಡೆಯುತ್ತೇನೆ. ಹಿಂದಿರುವ ಗಂಡಸರು ಯಾರೆಂದು ಗೇಟಿನವನು ಕೇಳಲಿ. ಐವರಲ್ಲಿ ಒಬ್ಬರನ್ನೂ ನಾನು ಕಂಡೇ ಇಲ್ಲ ಎನ್ನುತ್ತೇನೆ.