ವ್ಯಾಗನ್ ಹಿಂದೆ ಕಟ್ಟಿದ ಹಸು

1901 ಸೆಪ್ಟೆಂಬರ್ 11, ಬುಧವಾರ. ಟ್ರಾನ್ಸ್‌ವಾಲ್, ದಕ್ಷಿಣ ಆಫ್ರಿಕಾ

ನನ್ನ ಕುದುರೆ ಕೆಂದಿಗೆ ಅರ್ಧ ಹೊಟ್ಟೆ ಜೋಳ. ನನಗೆ ಎರಡು ಬಿಸ್ಕೆಟ್, ಕಲ್ಲಿನಂಥವು. ಕೆಂದಿಯ ಬೆನ್ನು ಜೀನು ಉಜ್ಜಿ ಮತ್ತೆ ಹಸಿಯಾಗಿದೆ. ಕಂಬಳಿ ಮಡಚಿ ಕೆಳಗೆ ಹಾಕಿದೆ.

ಇವತ್ತು ಎರಡು ಮನೆ ಸುಟ್ಟೆವು. ದನ ಮಾತ್ರ ಒಂದೂ ಸಿಗಲಿಲ್ಲ. ಬೋಯರ್ ಗಂಡಸರು, ನಮ್ಮ ಬ್ರಿಟಿಷ್ ದಂಡಿನ ಮೇಲೆ ಬಿದ್ದಿರುವ ಇಲ್ಲಿನ ಬಿಳಿ ರೈತರು, ಇನ್ನೂ ಗುಡ್ಡಗಳಲ್ಲಿ ಬಂದೂಕು ಹಿಡಿದು ಓಡಾಡುತ್ತಿದ್ದಾರೆ. ಹೆಂಗಸರು ದನ ಹೊಡೆದುಕೊಂಡು ಕಣಿವೆಗಳಲ್ಲಿ ಅಡಗುತ್ತಾರೆ. ದನ ಹೋದರೆ ಗಂಡಸರ ಅನ್ನವೂ ಹೋಗುತ್ತದೆ, ಇದು ಮೇಲಿನವರ ಲೆಕ್ಕ.

ಲೆಫ್ಟಿನೆಂಟ್ ಬರ್ಕೆಟ್ ಎಲ್ಲರ ಮುಂದೆ ಅಂದ: "ಆಸ್ಟ್ರೇಲಿಯಾದವರು ಹುಟ್ಟೋದೇ ಜೀನಿನ ಮೇಲೆ ಅಂತ ಕೇಳಿದ್ದೆ. ಇಲ್ಲಿ ನೋಡಿದ್ರೆ ಒಂದು ಹಸುವಿನ ಬಾಲವೂ ನಿಮ್ಮ ಕಣ್ಣಿಗೆ ಬೀಳಲ್ವಲ್ಲಯ್ಯ!"

ಲಾಕಿ ನಮ್ಮೂರಿನವನೇ, ನನ್ನ ಜೊತೆಯಲ್ಲೇ ದಂಡಿಗೆ ಸೇರಿದವನು. "ಬಾಲ ಬೇಕಿದ್ರೆ ತಿರುಗಿ ನಿಂದೇ ನೋಡ್ಕೋ" ಅಂತ ನನ್ನ ಕಿವಿಯಲ್ಲಿ ಗೊಣಗಿದ. ನನಗೆ ನಗು ಬರಲಿಲ್ಲ. ಹನ್ನೆರಡು ವರ್ಷ ದನದ ಹಿಂದೆ ಕುದುರೆ ಓಡಿಸಿದವನು ನಾನು. ಮೈ ಉರಿಯಿತು.

ಸೆಪ್ಟೆಂಬರ್ 12. ಮಧ್ಯಾಹ್ನ 1

ತಗ್ಗೊಂದರಲ್ಲಿ ಹನ್ನೊಂದು ಕರು ಸಿಕ್ಕವು. ತಾಯಿ ಒಂದೂ ಇಲ್ಲ. ಲೆಫ್ಟಿನೆಂಟ್ ನಾಲ್ಕು ದಿಕ್ಕಿಗೂ ಜನ ಅಟ್ಟಲು ಹೊರಟಿದ್ದ. ನಾನೇ ಮುಂದೆ ಹೋಗಿ ಹೇಳಿದೆ: "ಹುಡುಕೋದು ಬೇಡ ಸರ್. ಕರು ಕೂಡಿಹಾಕಿ. ಹಾಲು ಕರೆಯೋ ಹೊತ್ತಿಗೆ ತಾಯಿಗಳೇ ಬರ್ತಾವೆ."

ಸುಟ್ಟ ಮನೆಯ ಕಲ್ಲಿನ ದೊಡ್ಡಿಗೆ ಕರು ತುಂಬಿದೆವು. ನೋಡಲಿ ಈಗ, ದನ ಕಾಯುವವನ ತಲೆ ಏನು ಅಂತ.

ಸಂಜೆ 6

ಬಂದವು.

ನಾಲ್ಕು ಗಂಟೆಗೆ ಕರುಗಳು ಹಸಿದು ಒರಲತೊಡಗಿದವು. ದಿಣ್ಣೆಯ ಮೇಲೆ ಮೊದಲು ಒಂದು ಹಸು. ಆಮೇಲೆ ಸಾಲಾಗಿ, ತುಂಬಿದ ಕೆಚ್ಚಲು ಓಲಾಡಿಸಿಕೊಂಡು ಓಡೋಡಿ ಬಂದವು. ಅವುಗಳನ್ನು ತಿರುಗಿಸಲು ಹಿಂದೆ ಒಬ್ಬಳು ಹೆಂಗಸು, ಕೈಯಲ್ಲಿ ಕೋಲು. ನಮ್ಮನ್ನು ಕಂಡು ನಿಂತುಬಿಟ್ಟಳು. ಅವಳ ಹಿಂದೆ ಒಬ್ಬ ಮುದುಕಿ. ಮುದುಕಿಯ ತೋಳಲ್ಲಿ ಕಂಬಳಿ ಸುತ್ತಿದ ಕೂಸು.

ಹೆಂಗಸು ಅಳಲಿಲ್ಲ, ಬೈಯಲಿಲ್ಲ. ನಾಳೆ ವ್ಯಾಗನ್ನಿನಲ್ಲಿ, ಬೋಯರ್ ಹೆಂಗಸರು ಮಕ್ಕಳನ್ನು ಕೂಡಿಹಾಕುವ ಶಿಬಿರಕ್ಕೆ ಅಂತ ಲೆಫ್ಟಿನೆಂಟ್ ಹೇಳಿದ್ದನ್ನು ಕೇಳಿಸಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದಳು. ನಾನು ಹಸುಗಳನ್ನು ಬೇರ್ಪಡಿಸುವುದನ್ನು ನೋಡುತ್ತಿದ್ದಳಂತೆ.

"ನಿಂಗೆ ದನ ಗೊತ್ತು" ಅಂದಳು, ಹರುಕು ಮುರುಕು ಇಂಗ್ಲಿಷಿನಲ್ಲಿ. "ಆ ಕಪ್ಪು ಹಸು ನಮ್ ಜೊತೆ ಕಳ್ಸು. ನನ್ನೆದೇಲಿ ಹಾಲಿಲ್ಲ. ಮಗು ಇದರ ಹಾಲೇ ಕುಡಿಯೋದು. ದಾರೀಲಿ ನನ್ನ ಇಳಿಸ್ದೆ ಇದ್ರೆ ನೀನೇ ಕರ್ದು ಕೊಡು. ಬಲಗಡೆ ಕೂತ್ಕೋ. ಎಡಗಡೆ ಕೂತ್ರೆ ಒದೀತಾಳೆ."

"ಆಗ್ಲಿ ತಾಯಿ" ಅಂದೆ. ವ್ಯಾಗನ್ನಿನ ಹಿಂಬದಿಗೆ ನಾನೇ ಕಟ್ಟಿದೆ.

ಕರು ಕೂಡಿಹಾಕುವ ಈ ಉಪಾಯವನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರ್ 13

ಬೆಳಗ್ಗೆ ಲೆಫ್ಟಿನೆಂಟ್ ಹಸು ನೋಡಿದ. "ಏನಿದು?"

"ಮಗುವಿಗೆ ಹಾಲು, ಸರ್."

"ಹಸುವಿನ ನಡಿಗೆಗೆ ವ್ಯಾಗನ್ ಎಳೆಯೋ ಹನ್ನೆರಡು ಹೇಸರಗತ್ತೆ ಕಾಯಬೇಕಾ? ಬಿಚ್ಚಯ್ಯ."

ವಾದ ಮಾಡಬಹುದಿತ್ತು. ಬೇಡಿಕೊಳ್ಳಬಹುದಿತ್ತು. "ಯೆಸ್ ಸರ್" ಅಂದೆ. ವ್ಯಾಗನ್ನಿನ ಮೇಲಿನ ಗುಡಾರದ ಬಟ್ಟೆ ಇಳಿಬಿದ್ದಿತ್ತು, ಒಳಗಿನವರಿಗೆ ಹಿಂದೆ ಏನೂ ಕಾಣದು. ಸದ್ದಾಗದ ಹಾಗೆ ಹಗ್ಗ ಬಿಚ್ಚಿದೆ... ಕಳ್ಳನ ಹಾಗೆ.

ಒಳಗಿನಿಂದ ಅವಳ ದನಿ: "ಹಸು ಇದ್ಯಾ?"

"ಹಿಂದೇನೇ ಇದೆ ತಾಯಿ" ಅಂದೆ.

ವ್ಯಾಗನ್ ಹೋಯಿತು. ಮಧ್ಯಾಹ್ನ ಹಸುಗಳನ್ನೆಲ್ಲ ದೊಡ್ಡಿಯೊಳಗೇ ಗುಂಡಿಟ್ಟು ಕೊಂದೆವು. ಕಪ್ಪು ಹಸುವಿಗೆ ಬಿದ್ದದ್ದು ಯಾರ ಗುಂಡೋ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯುವುದೂ ಸುಳ್ಳು.

ನನಗೆ ಬಡ್ತಿ, ಕಾರ್ಪೊರಲ್ ಮಾಡಿದ್ದಾರೆ.

1902 ಜನವರಿ 23, ಗುರುವಾರ

ನಾಲ್ಕು ತಿಂಗಳು ಬರೆದಿಲ್ಲ. ಏನು ಬರೆಯುವುದು? ಅದೇ ಕೆಲಸ.

ಹೊಸ ಕುದುರೆ ತರಲು ರೈಲು ಸ್ಟೇಷನ್ನಿಗೆ ಬಂದೆ. ಪಕ್ಕದಲ್ಲೇ ಶಿಬಿರ. ಬಿಳಿ ಟೆಂಟುಗಳು, ಕಣ್ಣು ಹಾಯುವವರೆಗೂ. ಕ್ಯಾಂಟೀನಿನಲ್ಲಿ ಡಬ್ಬಿ ಹಾಲು ಎರಡು ಕೊಂಡು ಗೇಟಿನವರೆಗೆ ಹೋದೆ.

"ಯಾರನ್ನ ನೋಡ್ಬೇಕಿತ್ತು?" ಕಾವಲಿನವನು ಕೇಳಿದ. ವಯಸ್ಸಾದವನು, ಕೆಮ್ಮುತ್ತಿದ್ದ.

"ಒಬ್ಬ ಹೆಂಗಸು. ಸಣ್ಣ ಕೂಸಿದೆ."

"ಹೆಸರು?"

ಅವಳ ಹೆಸರು ನಾನು ಕೇಳಿಯೇ ಇರಲಿಲ್ಲ.

"ಹೆಂಗಸರು ಸಾವಿರಾರು ಇದಾರಪ್ಪ. ಕೂಸುಗಳು ದಿನಾ ಕಮ್ಮಿ ಆಗ್ತಾ ಇದಾವೆ. ಹೋಗು, ಒಳಗೆ ಹೋಗಿ ವಿಚಾರ್ಸು. ನಾನೇನು ಬೇಡ ಅನ್ನಲ್ಲ."

ಗೇಟು ತೆಗೆದೇ ಇತ್ತು. ಡಬ್ಬಿಗಳನ್ನು ಅವನ ಕೈಗೆ ಕೊಟ್ಟು ಕುದುರೆ ತಿರುಗಿಸಿದೆ. ಬೋಯರರ ಗುಂಡಿಗೆ ಇಷ್ಟು ಹೆದರಿದವನಲ್ಲ ನಾನು.

1902 ಜೂನ್ 7, ಶನಿವಾರ. ಮೊನಾರೊ, ಆಸ್ಟ್ರೇಲಿಯಾ

ಊರಿಗೆ ಬಂದು ಒಂಬತ್ತು ದಿನ. ಯುದ್ಧವೂ ಮುಗಿಯಿತಂತೆ. ಇವತ್ತು ಊರ ಸಭಾಂಗಣದಲ್ಲಿ ನನಗೂ ಲಾಕಿಗೂ ಸನ್ಮಾನ. ಕೇಕು, ಟೀ, ಪಿಟೀಲು. ಊರವರು ನನಗೊಂದು ಹೊಸ ಜೀನು ಕೊಟ್ಟರು. ಮಾತಾಡು ಅಂದರು. ಟೀ ಕಪ್ಪು ಕೈಗೆತ್ತಿಕೊಂಡೆ. ಲಾಕಿ ಎದ್ದ.

"ಇವನು ಮಾತಾಡಲ್ಲ, ಕರುಗಳ ಕೈಲಿ ಮಾತಾಡ್ಸ್ತಾನೆ!" ಅಂತ ಶುರುಮಾಡಿ ಇಡೀ ಕಥೆ ಹೇಳಿದ. ಕರುವಿನ ಹಾಗೆ ಕೂಗಿ ತೋರಿಸಿದ. ಲೆಫ್ಟಿನೆಂಟ್ ಬಾಯಿ ಬಿಟ್ಟು ನಿಂತದ್ದನ್ನು ತೋರಿಸಿದ. ಹೆಂಗಸು, ಕೂಸು ಅವನ ಕಥೆಯಲ್ಲಿ ಇರಲಿಲ್ಲ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಆದರೂ ಹಲ್ಲು ಕಿರಿದೆ.

ಬಾಗಿಲ ಬಳಿ ಕ್ವಿಲ್ಟಿ ಮುದುಕ ಒಬ್ಬನೇ ನಗಲಿಲ್ಲ. ನನಗೆ ದನ ಕಾಯುವ ಕಸುಬು ಕಲಿಸಿದವನು.

ಜೂನ್ 10

ಕೆಲಸಕ್ಕೆ ಸೇರಿದೆ. ಕರುಗಳಿಗೆ ಹಾಲು ಬಿಡಿಸುವ ಕಾಲ. ದೊಡ್ಡಿಯೊಳಗೆ ಇನ್ನೂರು ಕರು, ಬೇಲಿಯಾಚೆ ತಾಯಂದಿರು. ಎರಡು ದಿನದಿಂದ ಒರಲಾಟ. ಊಟ ಸೇರುತ್ತಿಲ್ಲ.

ಕ್ವಿಲ್ಟಿ ಬೇಲಿಯ ಮೇಲೆ ಕೂತು ಪೈಪಿಗೆ ಹೊಗೆಸೊಪ್ಪು ತುಂಬುತ್ತಾ ಕೇಳಿದ: "ಕ್ಲೆಮ್, ಲಾಕಿ ಹೇಳಿದ್ನಲ್ಲ, ಆ ಹಸುಗಳ ಕೆಚ್ಚಲು ಹೆಂಗಿತ್ತೋ?"

"ತುಂಬಿತ್ತು."

"ಕರುಗಳು ಒಂದು ಕಡೆ, ತಾಯಿಗಳು ಒಂದು ಕಡೆ. ಆದ್ರೂ ಹಾಲು ಬತ್ತಿಲ್ಲ. ಹಂಗಾದ್ರೆ ದಿನಾ ಯಾರೋ ಹಾಲು ಕರೀತಿದ್ರು. ಯಾರು?"

ನೂರು ಜನ ನಕ್ಕ ಸಭೆಯಲ್ಲಿ ಇವನಿಗೊಬ್ಬನಿಗೆ ಹೊಳೆದಿತ್ತು. ಹೆಂಗಸು, ಕೂಸಿನಿಂದ ಹಿಡಿದು ಹಸು ಬಿಚ್ಚಿದ್ದರ ತನಕ ಹೇಳಿದೆ. ಅವನು ಪೈಪು ಹಚ್ಚಲೇ ಇಲ್ಲ.

"ತಪ್ಪಿಸ್ಕೊಂಡ ದನ ಮನೆಗೆ ತರೋಕೆ ಅಂತ ಕಲಿಸಿದ್ದೆ ಕಣೋ ಅದನ್ನ" ಅಂದ. ಪೈಪು ಜೇಬಿಗಿಳಿಸಿ, "ನಿಮ್ಮಮ್ಮನಿಗೆ ನೀನು ಹೇಳ್ತೀಯೋ, ನಾ ಹೇಳ್ಲೋ? ಆ ಜೀನಿನ ಮೇಲೆ ನೀನು ಕೂತಾಗಲೆಲ್ಲ ಹೆಮ್ಮೆ ಪಡ್ತಾಳೆ ಪಾಪ. ನಂಗೆ ನೋಡೋಕಾಗ್ತಿಲ್ಲ."

ಜೂನ್ 12

ಅಮ್ಮನಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಂತಿತು. ಹಸು ಬಿಚ್ಚಿದ್ದನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ. ಅಮ್ಮ ನನ್ನ ಮುಖ ನೋಡಲಿಲ್ಲ. ನನ್ನ ತಂಗಿಯರಿಬ್ಬರನ್ನು ಕೂಸಿನಲ್ಲೇ ಮಣ್ಣಿಗಿಟ್ಟವಳು ಅವಳು.

"ಆ ಮಗು ಏನಾಯ್ತೋ?"

ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ತುಟಿ ನಡುಗುತ್ತಿತ್ತು.

"ಆಮೇಲೆ ಹೋಗಿದ್ದೆ ಅಮ್ಮ, ಶಿಬಿರಕ್ಕೆ. ಹಾಲಿನ ಡಬ್ಬಿ ತಗೊಂಡು. ಚೆನ್ನಾಗಿತ್ತು. ಗುಂಡುಗುಂಡಗೆ."

"ನೀನೇ ನೋಡ್ದ್ಯಾ?"

"ಎತ್ಕೊಂಡಿದ್ದೆ."

ಹಿಟ್ಟಿನ ಕೈಯಲ್ಲೇ ನನ್ನ ತಲೆ ಎದೆಗೆ ಒತ್ತಿಕೊಂಡಳು. "ಹೋಗ್ಲಿ ಬಿಡು ಮಗನೇ, ತಿದ್ಕೊಂಡ್ಯಲ್ಲ. ಗಂಡೋ ಹೆಣ್ಣೋ?"

"ಹೆಣ್ಣು."

"ಏನ್ ಹೆಸರು?"

"ಲೇನಾ" ಅಂದೆ. ಎಲ್ಲಿಂದ ಬಂತೋ ನಾಲಿಗೆಗೆ.

ಜೂನ್ 15, ಭಾನುವಾರ

ಅಮ್ಮ ಪಾದ್ರಿಗೆ ಹೇಳಿದ್ದಾಳೆ. ಚರ್ಚಿನಲ್ಲಿ ಪಾದ್ರಿ "ದೂರದ ದೇಶದ ಪುಟ್ಟ ಲೇನಾಳಿಗಾಗಿ" ಅಂತ ಪ್ರಾರ್ಥನೆ ಮಾಡಿದರು. ಲಾಕಿ ತಿರುಗಿ ನನ್ನನ್ನು ನೋಡಿ, ತಟ್ಟನೆ ತಲೆ ತಗ್ಗಿಸಿದ. ಊರೆಲ್ಲ ಆಮೆನ್ ಅಂದಿತು. ನಾನೂ ಅಂದೆ.

ಜೂನ್ 22, ಭಾನುವಾರ. ಮಧ್ಯಾಹ್ನ 3

ಇವತ್ತೂ ಪ್ರಾರ್ಥನೆ. ಬಂದ ಮೇಲೆ ಅಮ್ಮ ಉಣ್ಣೆ ತೆಗೆದಳು. ಲೇನಾಳಿಗೆ ಟೊಪ್ಪಿಗೆ ಆಗಲೇ ಮುಗಿಸಿದ್ದಾಳೆ, ಹಳದಿಯದು. ಕಾಲುಚೀಲ ಬಾಕಿ.

"ಈಗ ವರ್ಷ ತುಂಬಿರತ್ತೆ ಅಲ್ವಾ? ಪಾದ ಎಷ್ಟುದ್ದ ಇರಬಹುದೋ? ನೀನು ಎತ್ಕೊಂಡವನು, ಹೇಳು."

ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದೆ. ಗಾಳಿಯಲ್ಲಿ. ಅಮ್ಮ ಸೂಜಿ ಹಿಡಿದು ಅಳೆದುಕೊಂಡು ಹೆಣಿಗೆಯ ಕುಣಿಕೆ ಎಣಿಸಿದಳು. ಆಮೇಲೆ ಇನ್ನೆರಡು ಸೇರಿಸಿದಳು, ಬೆಳೆಯೋ ಕಾಲು ಅಂತ.

ಇನ್ನು ಆಗದು. ನನ್ನಿಂದ ಆಗದು. ಈಗಲೇ ಹೋಗಿ ಹೇಳುತ್ತೇನೆ. ಇಲ್ಲಿ ಬರೆದುಕೊಂಡು ಹೋದರೆ ನಾಲಿಗೆ ತಪ್ಪಲಾರದು. ಇಷ್ಟೇ ಹೇಳಬೇಕಾದ್ದು:

ಅಮ್ಮ, ಸೂಜಿ ಕೆಳಗಿಡು. ನಾನು ಗೇಟಿನಿಂದಲೇ ವಾಪಸ್ ಬಂದೆ, ಮಗುವನ್ನು ನೋಡಲೇ ಇಲ್ಲ. ಆ ಮಗು...