ಮೂರು ಸಲ ಕೇಳಬೇಕು

ಕಾಶಾನ್
ಆಬಾನ್ ತಿಂಗಳ ಹನ್ನೆರಡು

ನನ್ನ ಕರುಳ ಕುಡಿ ನಗೀನ್‌ಗೆ, ಅಮ್ಮನ ಸಾವಿರ ಮುತ್ತುಗಳು.

ನಿಮ್ಮ ನಿಯೋಗದ ಕಿಯಾನ್‌ಫರ್ ವಿಯೆನ್ನಾಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ನಾಲ್ಕು ದಾಳಿಂಬೆ ಇಡಲು ಹೋದರೆ, "ಖಾನುಮ್, ನಮ್ ಹಣ್ಣನ್ನೂ ಬಿಚ್ಚಿ ತಪಾಸಣೆ ಮಾಡ್ತಾರೆ ಅವ್ರು" ಎಂದು ನಕ್ಕರು. ಹಾಗಾಗಿ ಬರೀ ಕಾಗದ.

ಟೀವಿಯಲ್ಲಿ ನಿನ್ನನ್ನು ನೋಡಿದೆ. ನೀನು ನಮ್ಮ ನಿಯೋಗದ ಹಿರಿಯರ ಹಿಂದೆ ಕುಳಿತು, ಆ ಕಡೆಯವರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. ಸೊರಗಿದ್ದೀಯ. ಪಕ್ಕದ ಮನೆಯ ಎಫ್ಫತ್, "ನಿನ್ ಮಗಳು ದೊಡ್ಡವರಿಗೇ ಪಾಠ ಹೇಳ್ಕೊಡ್ತಿದಾಳಲ್ಲೇ!" ಅಂದಳು. ಒಪ್ಪಂದದಲ್ಲಿ ‘ನಿಲ್ಲಿಸುವುದು’ ಎಂದು ಬರೆಯಬೇಕೋ ‘ತಡೆಹಿಡಿಯುವುದು’ ಎಂದೋ ಅಂತ ದಿನಗಟ್ಟಲೆ ಗುದ್ದಾಡಿದಿರಂತೆ. ಅಳಿಯ ಅಲ್ಲ, ಮಗಳ ಗಂಡ!

ಗುಡ್ಡದ ಕೆಳಗೆ ಬಾಂಬು ಮಾಡುತ್ತಿದ್ದಾರೆ ಎಂದು ಆ ಕಡೆಯವರು, ಕರೆಂಟು ಎಂದು ನಮ್ಮವರು. ನಿನ್ನ ಬಾಬಾ ಆ ಅಣು ಸ್ಥಾವರದ ಗೇಟಿನವರೆಗೆ ವರ್ಷಾನುಗಟ್ಟಲೆ ಕೆಲಸಗಾರರ ಬಸ್ ಓಡಿಸಿದರು. ಅವರಿಗೆ ತಿಳಿದದ್ದು ಅಲ್ಲಿಯ ಚಹಾ ಯಾವಾಗಲೂ ತಣ್ಣಗಿರುತ್ತದೆ ಎಂಬುದಷ್ಟೇ.

ಹೋದ ತಿಂಗಳು ನೀನು ಫೋನಿನಲ್ಲಿ ಹೇಳಿದ್ದು ನೆನಪಾಗುತ್ತದೆ. ದಿಗ್ಬಂಧನದಿಂದ ಮುಚ್ಚಿಹೋದ, ಔಷಧಿಗೆ ಹಣ ಕಳಿಸುವ ದಾರಿಯನ್ನು ಮೊದಲು ತೆರೆಯುತ್ತೇವೆ ಎಂದು ಆ ಕಡೆಯವರು ಅಂದಾಗ ನಮ್ಮ ಹಿರಿಯರು, "ಛೇ ಛೇ, ನಿಮಗ್ಯಾಕೆ ತೊಂದ್ರೆ" ಎಂದುಬಿಟ್ಟರಂತೆ. ಬೇಡವೆಂದೇ ತಿಳಿದು ಅವರು ಹಾಳೆ ಮಡಚಿಟ್ಟರಂತೆ. ನೀನು ಹಿಂದೆಯೇ ಓಡಿ, "ಅದು ಬೇಡ ಅಲ್ಲ, ತಾರೋಫ್. ಎರಡು ಸಲ ಬೇಡ ಅನ್ನೋದು ನಮ್ಮಲ್ಲಿ ಮರ್ಯಾದೆ. ಮೂರನೇ ಸಲವೂ ಕೇಳ್ಬೇಕು" ಎಂದು ವಿವರಿಸಿ ಆ ಹಾಳೆ ಮತ್ತೆ ಬಿಚ್ಚಿಸಿದೆ. ನಾವಿಬ್ಬರೂ ಬಿದ್ದುಬಿದ್ದು ನಕ್ಕೆವು.

ಅದೇ ಫೋನಿನಲ್ಲೇ ನೀನು ಬಾಬಾನನ್ನು ಕೇಳಿದೆ, ಅವರ ರಕ್ತದ ಕಾಯಿಲೆಗೆ ಮಾತ್ರೆ ಅಲ್ಲಿಂದ ತರಲೇ ಎಂದು. "ಬೇಡಮ್ಮ, ಇಲ್ಲೇ ಸಿಗುತ್ತೆ" ಅಂದರು. ನೀನು "ಸರಿ ಬಾಬಾ" ಅಂದೆ.

ಇಲ್ಲಿ ಸಿಗುತ್ತಿರಲಿಲ್ಲ. ಅಂಗಡಿಯವರು ನನ್ನ ಮುಖ ಕಂಡರೇ ತಲೆಯಾಡಿಸುತ್ತಿದ್ದರು. ಊರವರ ‘ಬೇಡ’ವನ್ನೆಲ್ಲ ಬಿಡಿಸಿ ಹೇಳುವ ಹುಡುಗಿ ಅಪ್ಪನನ್ನು ಒಂದೇ ಸಲ ಕೇಳಿದಳಲ್ಲ ಎಂದು ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಬಾಬಾ ನನ್ನನ್ನೇ ಗದರಿದರು: "ಸುಮ್ನಿರೇ. ಅವಳು ಆ ದಾರಿ ತೆರೆಸಿದ್ರೆ ಎಲ್ರಿಗೂ ಬರುತ್ತೆ. ನನ್ನೊಬ್ಬನ ಸಂಕಟ ಹೇಳಿ ಅವಳ ಬಾಯಿ ತಡವರಿಸೋ ಹಾಗೆ ಮಾಡ್ಬೇಡ." ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ದೇಶ ದೇಶಗಳ ಜಗಳದಲ್ಲಿ ಬಡವಾದ ನಮ್ಮ ಮನೆಯ ಕೂಸಿಗೆ ಎಪ್ಪತ್ತು ವರ್ಷ.

ಹೋದ ವಾರ ನಿನ್ನ ಸಂದೇಶ ಬಂತಲ್ಲ, ಮಾತ್ರೆ ಕೊಂಡು ಚೀಲದಲ್ಲಿಟ್ಟುಕೊಂಡಿದ್ದೇನೆ ಎಂದು, ಅದನ್ನು ಅವರಿಗೆ ಓದಿ ಹೇಳಿದೆ. ಎಷ್ಟು ಖುಷಿಪಟ್ಟರು ಗೊತ್ತೇ? "ನೋಡ್ದೆಯಾ, ನನ್ ಮಗಳು ನಮ್ ಭಾಷೆ ಮರೆತಿಲ್ಲ" ಅಂದರು. ಮತ್ತೊಮ್ಮೆ ಓದಿಸಿದರು.

ಅಂಗಳದ ದಾಳಿಂಬೆ ಮರದಲ್ಲೇ ಬಿರಿದಿದೆ. ಈ ವರ್ಷ ಕೀಳುವವರಿಲ್ಲ. ಮನೆ ತುಂಬ ಜನ. ಎಫ್ಫತ್ ಹಲ್ವಾ ಮಗುಚುತ್ತಾ ಕೇಸರಿ ಸಾಲದೆಂದು ಗೊಣಗುತ್ತಿದ್ದಾಳೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ತೂಬಾ

ಮತ್ತೆ: ಬರೆಯಬಾರದೆಂದುಕೊಂಡಿದ್ದೆ, ಆಗಲಿಲ್ಲ. ಬಾಬಾ ಮಂಗಳವಾರ ತೀರಿಕೊಂಡರು ಮಗಳೇ. ಆ ಹಲ್ವಾ ಅವರ ಹೆಸರಿನಲ್ಲಿ ಹಂಚುವುದಕ್ಕೆ. ಮಾತ್ರೆ ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಫೋನು ಮಾಡಿದ್ದರೆ ನೀನು ನನ್ನ ದನಿಯಲ್ಲೇ ಹಿಡಿದುಬಿಡುತ್ತಿದ್ದೆ. ಅದಕ್ಕೇ, ಮಾತುಕತೆ ಮುಗಿದ ಮೇಲೆಯೇ ಕಾಗದ ಕೊಡಿ ಎಂದು ಕಿಯಾನ್‌ಫರ್‌ಗೆ ಆಣೆ ಹಾಕಿದ್ದೇನೆ. ಮಾತ್ರೆ ಅಲ್ಲಿ ಬಿಟ್ಟು ಬರಬೇಡ. ಆಸ್ಪತ್ರೆಯಲ್ಲಿ ಬಾಬಾನ ಪಕ್ಕದ ಹಾಸಿಗೆಯವರಿಗೂ ಅದೇ ಕಾಯಿಲೆ. ಕೊಡಲು ಹೋದರೆ ಬೇಡ ಅನ್ನುತ್ತಾರೆ. ಮೂರು ಸಲ ಕೇಳು.